ಎರಡಂಕಿಯ ಇಸವಿ

ಸೋಮಾರಿತನಕ್ಕೂ ಒಂದು ಲೆಕ್ಕಾಚಾರ ಬೇಕು. ಔಷಧ ಗೋದಾಮಿನ ಕಂಪ್ಯೂಟರ್ ಮೇಷ್ಟ್ರು ಎಡವಿದ್ದು ಅಲ್ಲೇ. ಶತಮಾನ ಬದಲಾದಾಗ ಗೋದಾಮಿನ ಸಾಫ್ಟ್‌ವೇರಿನಲ್ಲಿ ಇಸವಿಗೆ ಎರಡೇ ಅಂಕಿಯ ಜಾಗವಿತ್ತು. ಅದನ್ನು ನಾಲ್ಕಕ್ಕೆ ಹಿಗ್ಗಿಸುವುದು ತಿಂಗಳುಗಟ್ಟಲೆಯ ಕೆಲಸ. ಆಗಿನ್ನೂ ತಲೆತುಂಬ ಕೂದಲಿದ್ದ ಮೇಷ್ಟ್ರು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದರು: ಅಂಕಿ ಮೂವತ್ತಕ್ಕಿಂತ ಕಡಿಮೆಯಿದ್ದರೆ ಈ ಶತಮಾನ, ಇಲ್ಲದಿದ್ದರೆ ಹಿಂದಿನದು. 2030 ಬರುವ ಮೊದಲೇ ತಾವು ನಿವೃತ್ತರಾಗಿರುತ್ತೇವೆ, ಆಮೇಲೆ ಬಂದವರು ತಲೆ ಚಚ್ಚಿಕೊಳ್ಳಲಿ ಎಂಬುದು ಅವರ ಧೈರ್ಯ.

ಆ ನಿವೃತ್ತಿಯ ದಿನ ಇವತ್ತೇ. ಸಂಜೆಯ ರೈಲಿಗೆ ಹೆಂಡತಿಯೊಂದಿಗೆ ಮಗಳ ಊರಿಗೆ ಹೊರಡಬೇಕು. ಮೊಮ್ಮಗಳು ಹುಟ್ಟಿ ಮಗುಚಿಕೊಳ್ಳಲು ಕಲಿತರೂ ರಜೆ ಸಿಗದೆ ಮೇಷ್ಟ್ರು ಅವಳ ಮುಖ ನೋಡಿರಲಿಲ್ಲ. ಬಿಡುಗಡೆ ಪತ್ರವೊಂದು ಕೈಗೆ ಬಂದರೆ ಸಾಕಿತ್ತು.

ಆದರೆ ಔಷಧದ ಎಕ್ಸ್‌ಪೈರಿ ತಾರೀಖು ಕ್ಯಾಲೆಂಡರಿಗಿಂತ ಎರಡು ಮೂರು ವರ್ಷ ಮುಂದೆಯೇ ನಡೆಯುತ್ತದೆ ಎಂಬುದು ಅವರಿಗೆ ಅಂದು ಹೊಳೆದಿರಲಿಲ್ಲ. ಬೆಳಗ್ಗೆ ಬಂದ ಲಾರಿಯಲ್ಲಿದ್ದ ಕೆಮ್ಮಿನ ಸಿರಪ್ಪಿನ ಎಕ್ಸ್‌ಪೈರಿ ಇಸವಿ 30. ಸಾಫ್ಟ್‌ವೇರ್ ಅದನ್ನು 1930 ಎಂದು ಓದಿ, ಮುತ್ತಾತನ ಕಾಲದ ಮದ್ದೆಂದು ನಾಶ ಮಾಡಲು ಆದೇಶ ಕೊಟ್ಟಿತು. ಹಮಾಲರು ಎಂದೂ ಇಲ್ಲದ ಉತ್ಸಾಹದಿಂದ ಪೆಟ್ಟಿಗೆ ಒಡೆಯತೊಡಗಿದರು.

ಮ್ಯಾನೇಜರಮ್ಮ ಓಡಿ ಬಂದರು. "ಇದನ್ನ ಸರಿ ಮಾಡ್ದೆ ನೀವು ಮನೆಗೆ ಹೋಗೋ ಹಾಗಿಲ್ಲ ಮೇಷ್ಟ್ರೇ."

ಮೇಷ್ಟ್ರು ಹಳೆಯ ಪ್ರೋಗ್ರಾಂ ತೆರೆದು ಹುಡುಕುತ್ತಿದ್ದರೆ, ಲೆಕ್ಕದ ಗುಮಾಸ್ತರಿಗೆ ಕೈ ಕಟ್ಟಿಕೊಂಡು ಕೂರಲಾಗಲಿಲ್ಲ. ಬೇಡದ ಕಡೆ ಮೂಗು ತೂರಿಸುವುದರಲ್ಲಿ ಅವರು ಎತ್ತಿದ ಕೈ. ಮದ್ದು ಹಿಂದಿನ ಶತಮಾನಕ್ಕೆ ಹೋಗಿದ್ದರೆ ನಾವೂ ಅಲ್ಲಿಗೇ ಹೋದರಾಯಿತು ಎಂದು, ಇನ್ನೊಂದು ಕಂಪ್ಯೂಟರಿನಿಂದ ಇಡೀ ಗೋದಾಮಿನ ಇಂದಿನ ಇಸವಿಯನ್ನೇ 30 ಮಾಡಿಬಿಟ್ಟರು. ಸಿರಪ್ಪು ತಕ್ಷಣ ತಾಜಾ ಆಯಿತು. ಗುಮಾಸ್ತರು ಎದೆಯುಬ್ಬಿಸಿ ಟೀ ಕುಡಿಯಲು ಹೊರಟರೆ, ಅದೇ ಸಾಫ್ಟ್‌ವೇರಿನ ಹಿಡಿತದಲ್ಲಿದ್ದ ಬಾಗಿಲು ತೆರೆಯಲಿಲ್ಲ. ಕಾರ್ಡು ತೋರಿಸಿದಾಗ ಪರದೆಯ ಮೇಲೆ ಬಂದ ಸಾಲು: ಈ ನೌಕರರು ಇನ್ನೂ ಹುಟ್ಟಿಲ್ಲ.

ಸುಳ್ಳು ಕಾರ್ಡು ತಡೆಯಲೆಂದು ಆ ನಿಯಮ ಬರೆದವರೂ ಮೇಷ್ಟ್ರೇ. 1930ರಲ್ಲಿ ಆ ಕಚೇರಿಯ ಒಬ್ಬರೂ ಹುಟ್ಟಿರಲಿಲ್ಲ. ಒಳಗಿದ್ದವರು ಒಳಗೆ, ಊಟಕ್ಕೆ ಹೋದವರು ಹೊರಗೆ. ಗಾಜಿನ ಆಚೆ ಈಚೆ ನಿಂತು ಎಲ್ಲರೂ ಮೇಷ್ಟ್ರಿಗೆ ಶಾಪ ಹಾಕಿದರು. ಇಷ್ಟು ವರ್ಷ ದುಡಿದದ್ದು ಇದಕ್ಕೇನಾ ಎಂದು ಅವರಿಗೆ ಅಳುವೇ ಬಂತು.

ಕೊನೆಗೂ ಆ ಸಾಲು ಸಿಕ್ಕಿತು. ನಾಲ್ಕಂಕಿ ಮಾಡಲು ಪುರುಸೊತ್ತೆಲ್ಲಿ, ರೈಲು ಕಾಯುತ್ತದೆಯೇ? ಮೂವತ್ತನ್ನು ಅಳಿಸಿ ನಲವತ್ತು ಮಾಡಹೊರಟವರು, ಇನ್ನು ಹತ್ತು ವರ್ಷಕ್ಕೆ ಯಾರೋ ತಮ್ಮನ್ನು ಬೈದುಕೊಳ್ಳುವುದು ಬೇಡವೆಂದು ಧಾರಾಳವಾಗಿ ಎಪ್ಪತ್ತು ಬರೆದರು. ಇಂದಿನ ಇಸವಿಯನ್ನೂ ಸರಿಪಡಿಸಿ, ಎಲ್ಲವನ್ನೂ ಉಳಿಸಿ ಹೊರಬಂದರು. ಬಾಗಿಲು ತೆರೆಯಿತು, ಸಿರಪ್ಪು ಬದುಕಿತು. ಮ್ಯಾನೇಜರಮ್ಮ ಅವರನ್ನು ಹೊಗಳಿ ನಾಲ್ಕು ಮಾತಾಡಿದರು, ಗುಮಾಸ್ತರು ಅಪ್ಪಿಕೊಂಡರು.

ಇನ್ನು ಬಿಡುಗಡೆ ಪತ್ರ. ಅದನ್ನು ಸಾಫ್ಟ್‌ವೇರೇ ಮುದ್ರಿಸಬೇಕು, ಕೈಬರಹದ್ದು ಹೆಡ್ಡಾಫೀಸಿನಲ್ಲಿ ನಡೆಯುವುದಿಲ್ಲ. ಮ್ಯಾನೇಜರಮ್ಮ ಗುಂಡಿ ಒತ್ತಿ ಪರದೆಯತ್ತ ಬಗ್ಗಿದರು.

"ಮೇಷ್ಟ್ರೇ, ನೀವು ಹುಟ್ಟಿದ್ದು ಯಾವ ಇಸವಿ?"

"ಅರವತ್ತೇಳು."

ಹೇಳಿದ ಮೇಲೆ ಅವರಿಗೆ ಲೆಕ್ಕ ಹೊಳೆಯಿತು. ಅರವತ್ತೇಳು ಎಪ್ಪತ್ತಕ್ಕಿಂತ ಕಡಿಮೆ, ಅಂದರೆ 2067. ಉಳಿದವರೆಲ್ಲ ಎಪ್ಪತ್ತರ ನಂತರ ಹುಟ್ಟಿದವರು, ಪಾರಾಗಿದ್ದರು. ನಿವೃತ್ತಿಯ ದಿನಾಂಕ ಸರಿಯಾಗಿ ನೂರು ವರ್ಷ ಮುಂದಕ್ಕೆ ಹೋಗಿತ್ತು.

"ಅದಕ್ಕೇನು, ಎಪ್ಪತ್ತು ತೆಗೆದು ನಲವತ್ತು ಹಾಕ್ತೀನಿ," ಎಂದು ಅವರು ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಒತ್ತಿದರು. ಒತ್ತಿದಷ್ಟು ಸಲವೂ ಅದೇ ಸಾಲು: ಈ ನೌಕರರು ಇನ್ನೂ ಹುಟ್ಟಿಲ್ಲ. ಪ್ರೋಗ್ರಾಮಿನ ಒಳಹೊಕ್ಕುವ ಅಧಿಕಾರವಿದ್ದದ್ದು ಅವರೊಬ್ಬರಿಗೇ.

"ನಾಳೆ ಬನ್ನಿ, ಏನಾದ್ರೂ ದಾರಿ ಹುಡುಕೋಣ," ಎಂದರು ಮ್ಯಾನೇಜರಮ್ಮ. ಹೊರಗೆ ಹೋಗೋಣವೆಂದರೆ, ಒಂದು ಕಾರ್ಡಿಗೆ ಒಬ್ಬರನ್ನೇ ಬಿಡುವ ಬಾಗಿಲೂ ಮೇಷ್ಟ್ರನ್ನು ಗುರುತಿಸಲಿಲ್ಲ. ಅಷ್ಟರಲ್ಲಿ ಫೋನು ಬಂತು. ರೈಲ್ವೆ ಸ್ಟೇಷನ್ನಿನ ಗದ್ದಲದ ನಡುವೆ ಹೆಂಡತಿಯ ದನಿ.

"ರೈಲು ಬಂದು ನಿಂತಿದೆ, ಎಲ್ಲಿದ್ದೀರಿ? ನಿಮ್ಮ ಸರ್ವೀಸ್ ಮುಗೀತೋ ಇಲ್ವೋ?"

ಮೇಷ್ಟ್ರು ಗಾಜಿನ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದರು.

"ಇನ್ನೂ ಶುರುವೇ ಆಗಿಲ್ಲ ಕಣೇ."