ಸೀಲು ಒಡೆಯದ ಗೇಮ್ ಕ್ಯಾಸೆಟ್ಟು

ಬೆಲೆಬಾಳುವ ಸಾಮಾನು ಮನೆಗೆ ಬಂದರೆ ನಮ್ಮಲ್ಲಿ ಮೊದಲು ಹೋಗುವುದು ನಿದ್ದೆ, ಆಮೇಲೆ ಮಾನ. ಮದುವೆಯಲ್ಲಿ ಕೊಟ್ಟ ಸರ ಬ್ಯಾಂಕಿನ ಲಾಕರ್ ಸೇರುವವರೆಗೆ ನಮ್ಮ ಯಜಮಾನರು ಬಾಗಿಲಿಗೆ ಅಡ್ಡ ಮಲಗುತ್ತಿದ್ದರು. ತುಂಬಿದ ಗ್ಯಾಸ್ ಸಿಲಿಂಡರ್ ಬಂದ ದಿನವೂ ಎದ್ದೆದ್ದು ನೋಡಿ ಬರುತ್ತಾರೆ. ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಗುಮಾಸ್ತರು. ರೇಟು ಏರಿದರೂ ಇಳಿದರೂ ಎದೆ ಹಿಡಿದುಕೊಳ್ಳುವುದು ಅವರಿಗೆ ಅಭ್ಯಾಸ. ಅಂಥವರ ಕೈಗೆ ಹೋದ ವರ್ಷ ಒಂದು ವಿಡಿಯೋ ಗೇಮ್ ಕ್ಯಾಸೆಟ್ಟು ಸಿಕ್ಕಿತು.

ಟ್ರಂಕಿನಲ್ಲಿ ಸಿಕ್ಕಿದ್ದು

ಮೊಳಕಾಲ್ಮೂರಿನಲ್ಲಿರುವ ನನ್ನ ಚಿಕ್ಕಪ್ಪ ಒಂದು ಕಾಲದಲ್ಲಿ ರೇಷ್ಮೆ ಸೀರೆ ಕಟ್ಟಿಕೊಂಡು ಮುಂಬೈವರೆಗೂ ಹೋಗಿ ಮಾರಿ ಬರುತ್ತಿದ್ದರು. ಅಲ್ಲಿಯ ಅಂಗಡಿಯವರೊಬ್ಬರು ದೀಪಾವಳಿಗೆ ಮಕ್ಕಳಿಗೆ ಇರಲಿ ಎಂದು ಟಿವಿಗೆ ಹಾಕಿ ಆಡುವ ಗೇಮಿನ ಕ್ಯಾಸೆಟ್ಟು ಕೊಟ್ಟಿದ್ದರಂತೆ. ಕ್ಯಾಸೆಟ್ಟು ಕೊಟ್ಟರು, ಅದನ್ನು ಹಾಕುವ ಮಿಷನ್ನು ಕೊಡಲಿಲ್ಲ. ಚಿಕ್ಕಪ್ಪ ಅದನ್ನು ಹಾಗೇ ಸೀರೆಗಳ ಟ್ರಂಕಿಗೆ ಹಾಕಿ, ನುಸಿಗುಳಿಗೆ ಇಟ್ಟು ಮರೆತಿದ್ದರು.

ನಾವು ಹೋದಾಗ ಟ್ರಂಕು ಬಿಸಿಲಿಗೆ ಹಾಕಿದ್ದರು. ಯಜಮಾನರು ಕ್ಯಾಸೆಟ್ಟಿನ ಡಬ್ಬಿ ನೋಡಿದರು, ಫೋನು ನೋಡಿದರು, ಮತ್ತೆ ಡಬ್ಬಿ ನೋಡಿದರು, ಮುಖ ಬಿಳಿಚಿತು. ಇಂಥದೇ ಹಳೇ ಗೇಮು, ಮೇಲಿನ ಪ್ಲಾಸ್ಟಿಕ್ ಸೀಲು ಒಡೆಯದೆ ಇದ್ದದ್ದು, ಹೊರದೇಶದ ಹರಾಜಿನಲ್ಲಿ ಒಂದು ಮನೆಯ ಬೆಲೆಗೆ ಹೋಗಿದೆಯಂತೆ. ಹಳೇ ಗೇಮುಗಳನ್ನು ಕೂಡಿಡುವ ಹುಚ್ಚಿನವರು ಇದ್ದಾರಂತೆ. ಸೀಲು ಒಡೆದರೆ ಮಾತ್ರ ಕವಡೆ ಕಿಮ್ಮತ್ತಿಲ್ಲ.

ಚಿಕ್ಕಪ್ಪ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಆಡಿದ್ರೆ ಬೆಲೆ ಇಲ್ಲ, ಆಡದಿದ್ರೆ ಬೆಲೆ ಐತೆ. ಹಂಗಾದ್ರೆ ಇದನ್ನ ಆಟ ಅಂತ ಯಾಕಂತಾರೆ?" ಎಂದರು.

ನೀವೇ ಒಯ್ದು ಮಾರಿಕೊಡಿ, ಬಂದಿದ್ದರಲ್ಲಿ ಮಗ್ಗದ ಮನೆಯ ಸೋರುವ ಮಾಡು ರಿಪೇರಿ ಮಾಡಿಸೋಣ ಎಂದು ಡಬ್ಬಿಯನ್ನು ನಮ್ಮ ಕೈಗೇ ಕೊಟ್ಟರು. ಅವತ್ತಿನಿಂದ ಅವರ ಮಾಡು ನಮ್ಮ ತಲೆ ಮೇಲೆ ಕೂತಿತು.

ಕುಂಕುಮ

ಯಜಮಾನರು ಹುಡುಕಿ ಹುಡುಕಿ ಬೆಂಗಳೂರಿನಲ್ಲಿ ಹಳೇ ಗೇಮು ಕೊಳ್ಳುವ ಒಬ್ಬರನ್ನು ಫೋನಿನಲ್ಲಿ ಹಿಡಿದರು. ಅವರು ಮೊದಲ ದಿನವೇ ಪಥ್ಯ ಹೇಳಿದರು. ಬಿಸಿಲು ತಾಗಬಾರದು, ಧೂಳು ಕೂರಬಾರದು, ಮೇಲೆ ಭಾರ ಬೀಳಬಾರದು. ಬಿಸಿಲು ಧೂಳು ಎರಡೂ ಇಲ್ಲದ ಜಾಗ ಚಳ್ಳಕೆರೆಯಲ್ಲಿ ಎಲ್ಲಿಂದ ತರುವುದು?

ಬೀರುವಿನಲ್ಲಿಟ್ಟರೆ ಕಳ್ಳರು ಮೊದಲು ನೋಡುವುದೇ ಬೀರು. ಅಕ್ಕಿ ಡ್ರಮ್ಮಿನಲ್ಲಿಟ್ಟರೆ ಹುಳ. ಮಂಚದ ಕೆಳಗಿಟ್ಟರೆ ಇಲಿ. ಕಡೆಗೆ ದೇವರ ಮನೆಯ ಗೂಡಿನಲ್ಲಿಟ್ಟು, ಯಾರೂ ಮುಟ್ಟಬಾರದು ಎಂದು ಅತ್ತೆಗೆ ಹೇಳಿ, ಆಮೇಲೆ ಯಜಮಾನರು ಹೊಟ್ಟೆ ತುಂಬ ಉಂಡರು.

ಶುಕ್ರವಾರ ನಾನು ನನ್ನ ಬಳೆ ಅಂಗಡಿಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಸದ್ದೇ ಇಲ್ಲ. ಯಜಮಾನರು ಹತ್ತಿ ಹಿಡಿದುಕೊಂಡು ದೇವರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಅತ್ತೆ, ಇಷ್ಟು ಬೆಲೆಯ ವಸ್ತುವನ್ನು ಬರಿಹಣೆಯಲ್ಲಿ ಇಡಬಾರದೆಂದು, ಡಬ್ಬಿಯ ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದ್ದರು. ಒರೆಸಿದಷ್ಟೂ ಕುಂಕುಮ ಹರಡುತ್ತಿತ್ತು. ಬೆಂಗಳೂರಿನವರಿಗೆ ಫೋಟೋ ಕಳಿಸಿದರೆ, ಈ ಕೆಂಪು ಏನು, ಕಲೆ ಇದ್ದರೆ ಬೆಲೆ ಇಳಿಯುತ್ತದಲ್ಲ ಎಂದರು.

ಯಜಮಾನರು ಅದನ್ನು ಅತ್ತೆಗೆ ಹೇಳಿದರು. ಅತ್ತೆಗೆ ಬೇಜಾರಾಗಲಿಲ್ಲ, ಸಿಟ್ಟು ಬಂತು.

"ಪೂಜೆ ಮಾಡಿದ್ರೆ ಬೆಲೆ ಇಳಿಯೋ ವಸ್ತು ಸಂಸಾರಸ್ಥರ ಮನೆಯಾಗೆ ಯಾಕಿರಬೇಕು?"

ರಾಜಿ ಪಂಚಾಯ್ತಿ

ಇನ್ನು ಡಬ್ಬಿಯನ್ನು ಅತ್ತೆಯ ಕಾವಲಿಗೆ ಬಿಡುವ ಹಾಗಿರಲಿಲ್ಲ, ಮನೆ ಬಿಟ್ಟು ಇಬ್ಬರೂ ಒಟ್ಟಿಗೆ ಹೋಗುವುದು ನಿಂತಿತು. ಮದುವೆಗೆ ನಾನು ಹೋದರೆ ಅವರು ಕಾವಲು, ನಾಮಕರಣಕ್ಕೆ ಅವರು ಹೋದರೆ ನಾನು. ಯಾರಾದರೂ ಮನೆಗೆ ಬಂದರೆ ಯಜಮಾನರು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಕಳಿಸುತ್ತಿದ್ದರು. ನಿದ್ದೆಗೆಟ್ಟು ಇಬ್ಬರ ಕಣ್ಣೂ ಕೆಂಪಾಗಿತ್ತು.

ಒಂದು ಭಾನುವಾರ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ಯಜಮಾನರ ಸೋದರಮಾವ ಪಕ್ಕದ ಮನೆಯವರನ್ನೂ ಕರಕೊಂಡು ಬಂದು ನಡುಮನೆಯಲ್ಲಿ ಕೂತರು. ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ಊರೆಲ್ಲ ಆಡಿಕೊಳ್ಳುವವರೆಗೆ ಬಿಡಬಾರದು ಎಂದು ಶುರುಮಾಡಿದರು. ನಮ್ಮಿಬ್ಬರಿಗೂ ಜಗಳವಾಗಿದೆ ಎಂದು ಓಣಿಯಲ್ಲೆಲ್ಲ ಸುದ್ದಿಯಂತೆ. ಇಲ್ಲ ಎಂದರೆ ಮತ್ತೆ ಒಬ್ಬೊಬ್ಬರೇ ಯಾಕೆ ಬರುತ್ತೀರಿ ಎಂದು ಕೇಳುತ್ತಾರೆ. ನಿಜ ಹೇಳಿದರೆ ಕ್ಯಾಸೆಟ್ಟಿನ ವಿಷಯ ಸಂಜೆಯೊಳಗೆ ನಾಯಕನಹಟ್ಟಿ ದಾಟುತ್ತದೆ. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೌದು, ಜಗಳ ಎಂದು ಒಪ್ಪಿಕೊಂಡೆವು.

"ಯಾತಕ್ಕೆ, ಅದನ್ನ ಹೇಳ್ರಿ" ಎಂದರು ಸೋದರಮಾವ.

"ಇವಳ ಅಡುಗೆ" ಎಂದರು ಯಜಮಾನರು. ಅದೇ ಹೊತ್ತಿಗೆ ನಾನು "ಇವರ ಗೊರಕೆ" ಎಂದೆ.

ಅಡುಗೆಗೆ ಏನಾಗಿದೆ ಎಂದು ನಾನು ಕೇಳಿದೆ. ಗೊರಕೆ ಯಾವಾಗ ಹೊಡೆದೆ ಎಂದು ಅವರು ಕೇಳಿದರು. ಹಿರಿಯರು ಇಷ್ಟೇ ತಾನೆ ಎಂದು ಇಬ್ಬರಿಗೂ ಬುದ್ಧಿ ಹೇಳಿ, ಕಾಫಿ ಕುಡಿದು, ರಾಜಿಯಾಯಿತೆಂದು ಸಮಾಧಾನದಿಂದ ಎದ್ದು ಹೋದರು. ನಮ್ಮ ನಿಜವಾದ ಜಗಳ ಶುರುವಾದದ್ದು ಅವರು ಗೇಟು ದಾಟಿದ ಮೇಲೆ. ಬುಧವಾರದವರೆಗೆ ನಡೆಯಿತು.

ಮೊಳಕಾಲ್ಮೂರು ಬಸ್ಸು

ಬೆಂಗಳೂರಿನವರು ಕಡೆಗೂ, ಕಣ್ಣಾರೆ ನೋಡದೆ ಬೆಲೆ ಹೇಳುವುದಿಲ್ಲ, ಚಿಕ್ಕಪ್ಪನ ಮನೆಗೇ ಬರುತ್ತೇನೆ ಎಂದರು. ಹಿಂದಿನ ದಿನವೇ ನಾವು ಬಸ್ಸು ಹತ್ತಿದೆವು. ಅಲುಗಾಡಬಾರದೆಂದು ಯಜಮಾನರು ಕ್ಯಾಸೆಟ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಧೂಳು ಹೋಗಬಾರದೆಂದು ಹೊಸ ಬಿಳಿ ಟವೆಲ್ ಸುತ್ತಿ, ಎದೆಗೊತ್ತಿ ಹಿಡಿದಿದ್ದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ನೋಡಿದವರಿಗೆ ಯಾರದೋ ಅಸ್ಥಿ ಒಯ್ಯುತ್ತಿದ್ದಾರೆ ಎಂದು ಕಾಣುತ್ತದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕಂಡಕ್ಟರು ಪೆಟ್ಟಿಗೆ ಮೇಲಿಡಿ ಅನ್ನಲಿಲ್ಲ. ತುಂಬಿದ ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟರು. ನಾನು ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಕಾಲ ಕೆಟ್ಟಿಲ್ಲ, ಜನ ಎಷ್ಟು ಒಳ್ಳೆಯವರು ಅಂದುಕೊಂಡೆ.

ತಳಕಿನಲ್ಲಿ ಹತ್ತಿದ ವಯಸ್ಸಾದವರೊಬ್ಬರು ಯಜಮಾನರ ಪಕ್ಕ ಕೂತು ಮೆಲ್ಲಗೆ ಕೇಳಿದರಂತೆ, "ಯಾರದು ಸಾಮಿ?"

"ನಮ್ಮ ಚಿಕ್ಕಮಾವಂದು. ಮೊಳಕಾಲ್ಮೂರಾಗೆ ರೇಷ್ಮೆ ಸೀರೆ ವ್ಯಾಪಾರ ಮಾಡ್ತಿದ್ರಲ್ಲ, ಅವರದು" ಎಂದರಂತೆ ಯಜಮಾನರು.

ಆ ಮನುಷ್ಯ ಹಿಂದೆ ಚಿಕ್ಕಪ್ಪನಿಗೆ ಸೀರೆ ನೇಯ್ದು ಕೊಡುತ್ತಿದ್ದ ನೇಕಾರರು. ಅವರ ಕಣ್ಣು ತುಂಬಿತು. ಮುಂದೇನು ಎಂದು ಕೇಳಿದರು.

"ಬೆಂಗಳೂರಿಂದ ಒಬ್ಬರು ಬರಬೇಕು. ಅವರು ನೋಡಿದ ಮೇಲೆ ನಾಳೆ ಬಿಟ್ಟುಬಿಡ್ತೀವಿ."

ನೇಕಾರರು ಪೆಟ್ಟಿಗೆಗೆ ಕೈಮುಗಿದರು. ಮನೆ ಹಳೇ ಜಾಗದಲ್ಲೇ ತಾನೆ, ನಾಳೆ ಬರುತ್ತೇವೆ ಎಂದು ಇಳಿದು ಹೋದರು. ಯಜಮಾನರು ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಎದೆಗೊತ್ತಿಕೊಂಡರು. ಈತನಿಗೂ ಕ್ಯಾಸೆಟ್ಟಿನ ಬೆಲೆ ಗೊತ್ತಿದೆ, ಬೆಲೆ ನೆನೆದೇ ಕಣ್ಣೀರು ಬಂದಿದೆ, ನಾಳೆ ಜನ ಕಟ್ಟಿಕೊಂಡು ಬರುತ್ತಾನೆ ಎಂದು ಬಸ್ಸಿಳಿದ ಮೇಲೆ ನನ್ನ ಹತ್ತಿರ ಹೇಳಿ, ರಾತ್ರಿ ಚಿಕ್ಕಪ್ಪನ ಮನೆಯ ಬಾಗಿಲಿಗೆ ರುಬ್ಬುವ ಕಲ್ಲು ಒರಗಿಸಿದರು.

ಬೆಳಿಗ್ಗೆ ಬೆಂಗಳೂರಿನವರು ಬಂದರು. ಕೈಗೆ ತೆಳು ಗ್ಲೌಸ್ ಹಾಕಿ, ಭೂತಗನ್ನಡಿ ಹಿಡಿದು ಡಬ್ಬಿಯ ಮೂಲೆ ಮೂಲೆ ನೋಡಿದರು. ಆಮೇಲೆ ಗ್ಲೌಸ್ ಬಿಚ್ಚಿದರು. ಇದು ಕಂಪನಿಯದಲ್ಲ, ಆ ಕಾಲದಲ್ಲೇ ಯಾರೋ ಮಾಡಿ ಮಾರಿದ ಡೂಪ್ಲಿಕೇಟು, ಕೊಂಡರೆ ಒಂದು ಊಟದ ದುಡ್ಡು ಕೊಡಬಹುದು ಎಂದು ಹೇಳಿ, ಅದನ್ನೂ ಕೊಡದೆ ಕಾರು ಹತ್ತಿದರು. ಚಿಕ್ಕಪ್ಪ ಹೋಗಲಿ ಬಿಡು ಎಂದು ಕಾಫಿಗಿಡಲು ಒಳಗೆ ಬಂದರು. ಯಜಮಾನರು ಮಾತ್ರ ಕ್ಯಾಸೆಟ್ಟನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಟವೆಲ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತರು.

ಆಗ ನೇಕಾರರು ಹೆಂಡತಿಯನ್ನೂ ಇನ್ನಿಬ್ಬರನ್ನೂ ಕರಕೊಂಡು, ದೊಡ್ಡದೊಂದು ಹೂವಿನ ಹಾರ ಹಿಡಿದು ಬಂದರು. ಯಜಮಾನರ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು.

"ಧೈರ್ಯ ತಂದ್ಕೊಳ್ಳಿ ಸಾಮಿ. ಹೋಗೋದು ಹೋಯ್ತು."

"ಹಿಂಗೆ ಒಂದೇ ಮಾತಿಗೆ ಹೋಗುತ್ತೆ ಅಂದ್ಕೊಂಡಿರಲಿಲ್ಲ" ಎಂದು ಯಜಮಾನರು ನಿಜವಾಗಿಯೂ ಅತ್ತುಬಿಟ್ಟರು. ನೇಕಾರರ ಹೆಂಡತಿ "ಅಯ್ಯೋ ದೇವುಡಾ" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಅಳುವ ಸದ್ದಿಗೆ ನಾನು ಅಡುಗೆಮನೆಯಿಂದ ಓಡಿಬಂದೆ. ನನಗಿಂತ ಮುಂದೆ ಚಿಕ್ಕಪ್ಪ ಕಾಫಿ ತಟ್ಟೆ ಹಿಡಿದು ಹೊಸ್ತಿಲು ದಾಟಿದ್ದರು. ಹಳೇ ನೇಕಾರರ ಗುರುತು ಹಿಡಿದು, ಬಾರಪ್ಪ, ಎಷ್ಟು ವರ್ಷ ಆಯ್ತು, ಇದೇನು ಹಾರ, ಯಾರು ತೀರಿಕೊಂಡರು ಎಂದು ಕಳವಳದಿಂದ ಕೇಳಿದರು.

ನೇಕಾರರು ಎದ್ದು ನಿಂತರು. ಚಿಕ್ಕಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತೋಳು ಮುಟ್ಟಿ ನೋಡಿದರು. ಆಮೇಲೆ ಯಜಮಾನರ ತೊಡೆಯ ಮೇಲಿದ್ದ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು.

"ಹಂಗಾದ್ರೆ ಇದರಾಗಿರೋರು ಯಾರು ಸಾಮಿ?"

"ಅದಾ?" ಎಂದು ಚಿಕ್ಕಪ್ಪ ಕಾಫಿ ಲೋಟ ಚಾಚಿದರು. "ಅದು ಡೂಪ್ಲಿಕೇಟಂತೆ."