ಹೆಡ್‌ಮಾಸ್ಟರ ಕೋಟಿನ ಭುಜ

ದರ್ಜಿಗೆ ಇದ್ದದ್ದೇ ಒಂದು ಒಳ್ಳೆಯ ಅಂಗಿ. ಅದರ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆ ಚೆಲ್ಲಿದ್ದೇ ಎಲ್ಲ ಎಡವಟ್ಟಿಗೂ ಮೂಲ. ಅವನ ಮೆಚ್ಚಿನ ನಟಿಯ ಸಿನಿಮಾಕ್ಕೆ ಅಂದೇ ಕೊನೆಯ ದಿನ, ಮಧ್ಯಾಹ್ನದ್ದೇ ಕೊನೆಯ ಆಟ. ಪ್ರೀತಿ, ಜಗಳ, ಮತ್ತೆ ಪ್ರೀತಿ ಬಿಟ್ಟರೆ ಕತೆಯಲ್ಲಿ ಹುರುಳಿಲ್ಲವೆಂದು ನೋಡಿಬಂದವರೆಲ್ಲ ಹೇಳಿದ್ದರು. ಇವನಿಗೆ ಕತೆ ಯಾಕೆ ಬೇಕು? ಅವಳು ಸಿಟ್ಟಿನಲ್ಲಿ ಮಾತಾಡುತ್ತಲೇ ನಡುವೆ ಫಕ್ಕನೆ ನಕ್ಕುಬಿಡುವುದನ್ನು ನೋಡಿದರೆ ಒಂದು ವಾರ ಬೆನ್ನುನೋವು ಹತ್ತಿರ ಸುಳಿಯುತ್ತಿರಲಿಲ್ಲ.

"ಈ ಅವತಾರದಲ್ಲಿ ಹೋಗ್ತೀಯಾ ಅವಳ ಮುಂದೆ?" ಎಂದ ಪಕ್ಕದಂಗಡಿಯ ಗಡಿಯಾರ ರಿಪೇರಿಯವ, ಬಾಗಿಲಲ್ಲಿ ಅವಳೇ ನಿಂತು ಟಿಕೆಟ್ ಹರಿಯುತ್ತಾಳೇನೋ ಎನ್ನುವ ಹಾಗೆ. "ಆ ಕೋಟು ಸುಮ್ಮನೆ ನೇತಾಡ್ತಿದೆಯಲ್ಲ, ಹಾಕ್ಕೊಂಡು ಹೋಗು."

"ಅದು ಹೆಡ್‌ಮಾಸ್ಟರದು ಕಣೋ. ಸಂಜೆ ಕೊಡಬೇಕು."

"ಸಂಜೆ ತಾನೆ?"

ಕೋಟು ಹಿಡಿಸಿದರೆ ಇಡೀ ಶಾಲೆಯ ಯೂನಿಫಾರ್ಮ್ ನಿನಗೇ ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಅಷ್ಟು ಕೆಲಸ ಸಿಕ್ಕರೆ ದರ್ಜಿಯ ಅರ್ಧ ಬದುಕೇ ದಡ ಸೇರಿದಂತೆ. ಅದೆಲ್ಲ ಗೊತ್ತಿದ್ದೂ, ಅಳತೆ ಇಬ್ಬರದೂ ಹೆಚ್ಚೂಕಡಿಮೆ ಒಂದೇ ಎಂಬುದಷ್ಟೇ ಆಗ ಅವನಿಗೆ ನೆನಪಾಯಿತು. ಹಾಕಿಕೊಂಡೇ ಹೊರಟ.

ಒಳಗೆ ಕಾಲಿಟ್ಟಾಗ ಸಿನಿಮಾ ಶುರುವಾಗಿತ್ತು. ಕತ್ತಲಲ್ಲಿ ತಡಕಾಡಿ ಸಿಕ್ಕ ಸೀಟಿನಲ್ಲಿ ಕೂತ. ಪರದೆಯ ಮೇಲೆ ಅವಳು ನಕ್ಕಳು. ಪಕ್ಕದವರೂ ಗಹಗಹಿಸಿ ನಕ್ಕು ಇವನ ಭುಜ ತಟ್ಟಿದರು.

"ಏನು ನಗ್ತಾಳ್ರೀ ಹುಡುಗಿ!"

ದರ್ಜಿ ಸೀಟಿನಲ್ಲೇ ಕುಗ್ಗಿ ಕೂತ. ದಿನಾ ಬೆಳಿಗ್ಗೆ ಇಡೀ ಶಾಲೆಯನ್ನು ಗದರಿಸುವ ಗಂಟಲು ಅದು. ತಟ್ಟಿದ ಕೈ ಭುಜದ ಮೇಲೇ ನಿಂತು, ಹೊಲಿಗೆಯುದ್ದಕ್ಕೂ ಮೆಲ್ಲಗೆ ಓಡಾಡಿತು.

"ಎಂಥ ಭುಜ ಕೂರಿಸಿದ್ದಾನ್ರೀ. ಯಾರು ಹೊಲಿದದ್ದು?"

ದರ್ಜಿ ಕರ್ಚೀಫು ಬಾಯಿಗೆ ಒತ್ತಿಕೊಂಡು ಕೆಮ್ಮಿದ.

"ನನ್ನದೂ ಒಂದು ಹೊಲೀತಿದಾನೆ, ನಮ್ಮ ಬೀದಿಯವನು. ಏನು ಮಾಡಿಟ್ಟಿದಾನೋ."

ಗಂಟಲವರೆಗೆ ಬಂದ ಹೆಮ್ಮೆಯನ್ನು ದರ್ಜಿ ಹಾಗೇ ನುಂಗಿಕೊಂಡ. ಮಧ್ಯಂತರದ ದೀಪ ಹತ್ತುವ ಮೊದಲೇ ಎದ್ದು ಓಡಿದ. ಅವಳ ಅರ್ಧ ಸಿನಿಮಾ ಒಳಗೇ ಉಳಿಯಿತು. ದಾರಿಯುದ್ದಕ್ಕೂ ನಿಜಕ್ಕೂ ಅಳು ಬಂದಿತ್ತು ಅವನಿಗೆ.

ಸಂಜೆ ಮೇಷ್ಟ್ರು ಬರುವ ಹೊತ್ತಿಗೆ ಕೋಟು ಇಸ್ತ್ರಿಯಾಗಿ, ಏನೂ ಅರಿಯದಂತೆ ಮೊಳೆಯಲ್ಲಿ ನೇತಾಡುತ್ತಿತ್ತು. ಅವರು ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ನೋಡಿದರು. ಭುಜ ಮುಟ್ಟಿದರು. ಈ ಭುಜಕ್ಕೆ ಮಧ್ಯಾಹ್ನವೇ ನೂರಕ್ಕೆ ನೂರು ಬಿದ್ದಿದೆಯೆಂದು ದರ್ಜಿ ಒಳಗೊಳಗೇ ಬೀಗಿದ.

"ಪರವಾಗಿಲ್ಲ ಕಣಯ್ಯ," ಎಂದರು ಮೇಷ್ಟ್ರು. "ಆದ್ರೆ ಮಧ್ಯಾಹ್ನ ಮೀಟಿಂಗಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಆಫೀಸರ್ ಹಾಕಿದ್ರಲ್ಲ, ಕೋಟು ಅಂದ್ರೆ ಅದು. ಆ ಭುಜ ಎಲ್ಲಿ, ಈ ಭುಜ ಎಲ್ಲಿ."

"ಸಾರ್, ಅದು..."

"ಏನು, ನೀನು ನೋಡಿದೀಯಾ?" ಮೇಷ್ಟ್ರ ಹುಬ್ಬು ಮೇಲೇರಿತು.

"ಇಲ್ಲ ಸಾರ್."

"ಹಾಗಾದ್ರೆ ಒಂದು ಕೆಲಸ ಮಾಡು. ಅಂಥ ಭುಜ ಕೂರಿಸೋ ದರ್ಜಿ ಊರಲ್ಲಿ ಯಾರಿದ್ದಾನೆ ಅಂತ ವಿಚಾರಿಸಿ ಹೇಳು. ಯೂನಿಫಾರ್ಮ್ ಅವನಿಗೇ ಕೊಟ್ಟುಬಿಡ್ತೀನಿ. ನೀನೂ ಹೋಗಿ ನಾಲ್ಕು ದಿನ ಅವನ ಹತ್ರ ಕೂತು ಕಲಿ."