ಹೆಣ್ಣು ನೋಡಲು ಹೋದ ಕಾರಿನ ಕ್ಲಚ್ಚು

ತನ್ನ ಕಾರಿನ ರೋಗ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಗಂಡಸನ್ನು ನಾನಿನ್ನೂ ಕಂಡಿಲ್ಲ. ನಾನಂತೂ ಒಪ್ಪಿಕೊಂಡವನಲ್ಲ. ಸಾಗರದಲ್ಲಿ ವಕೀಲಿ ಮಾಡುವ ನನಗೆ, ಸಾಕ್ಷಿ ಕೇಳುವ ಮೊದಲೇ ತೀರ್ಪು ಹೊಳೆದುಬಿಡುತ್ತದೆ. ಅರವತ್ತರ ದಶಕದಲ್ಲಿ ತೀರ್ಥಹಳ್ಳಿಯ ಡಾಕ್ಟರೊಬ್ಬರು ಬಳಸಿ ಬಿಟ್ಟ ಕಾರನ್ನು ಕೊಂಡೆ. ಎಂಜಿನ್ ಅರಚಿದರೂ ಕಾರು ಏರು ಹತ್ತದಿದ್ದರೆ ಕ್ಲಚ್ ಜಾರುತ್ತಿದೆ, ಗೇರು ಹಾಕುವಾಗ ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ ಎಂದು ಅವರು ಹೇಳಿಕೊಟ್ಟರು. ಇಷ್ಟೇ ವಿದ್ಯೆ ಇಟ್ಟುಕೊಂಡು ನಾನು ಊರಿನ ಮಿಕ್ಕ ಕಾರುಗಳಿಗೂ ಕೇಳದೆ ಔಷಧಿ ಹೇಳುತ್ತಿದ್ದೆ.

ನನ್ನ ಹೆಂಡತಿಯ ತಮ್ಮ ಶಂಕರ ಮಾತು ಕಡಿಮೆಯ ಹುಡುಗ. ಹೊಸನಗರದ ಜವಳಿ ಅಂಗಡಿಯವರ ಮಗಳು ಸುಮಿತ್ರಳನ್ನು ಯಾವುದೋ ಮದುವೆಮನೆಯಲ್ಲಿ ಕಂಡಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಆ ಹುಡುಗಿ ಆಗಲೇ ಇಬ್ಬರು ಗಂಡುಗಳನ್ನು ಬೇಡವೆಂದವಳು. ಹೆಣ್ಣು ನೋಡಲು ಹೊರಟ ದಿನ ಶಂಕರ ಮೆಲ್ಲಗೆ, "ಭಾವ, ಬಸ್ಸಲ್ಲೇ ಹೋಗೋಣ" ಎಂದ. ನನಗೆ ಅವಮಾನವಾಯಿತು. ಕಾರಿನ ತಳದ ತೂತುಗಳಿಂದ ಕೆಂಪು ಧೂಳು ಎದ್ದು ತಮ್ಮನ ಬಿಳಿ ಪಂಚೆ ಹಾಳಾದೀತೆಂದು ನನ್ನ ಹೆಂಡತಿ ಮುಂದಿನ ಸೀಟುಗಳ ಕೆಳಗೆ, ಕಾಲಿಡುವಲ್ಲಿ, ದಪ್ಪ ಜಮಖಾನೆಯೊಂದನ್ನು ಮಡಿಸಿ ಹಾಸಿದಳು. ದಾರಿಯುದ್ದಕ್ಕೂ ಗೇರು ಕರಕರ ಎಂದಿತು. ಹಳೇ ಕಾರು, ಅದಕ್ಕೂ ವಯಸ್ಸಾಯಿತು ಎಂದುಕೊಂಡೆ.

ಉಪ್ಪಿಟ್ಟು, ಕಾಫಿ, ನಾಲ್ಕು ಮಾತು ಎಲ್ಲ ಚೆನ್ನಾಗಿಯೇ ಆಯಿತು. ಪದ್ಧತಿಯಂತೆ "ಹೋಗಿ ತಿಳಿಸ್ತೀವಿ" ಎಂದು ಕೈಮುಗಿದು ಎದ್ದೆವು. ಈ ಮಾತಾಡಿದ ಮೇಲೆ ಗಂಡಿನ ಕಡೆಯವರು ಅಲ್ಲಿ ನಿಲ್ಲಬಾರದು. ಅವರ ಮನೆಯಿದ್ದುದು ಇಳಿಜಾರಿನ ಓಣಿಯ ಕೊನೆಯಲ್ಲಿ. ಕಾರು ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಏರು ಹತ್ತಬೇಕು. ರಿವರ್ಸ್ ಮಾತ್ರ ಬೀಳಲೊಲ್ಲದು. ಪೆಡಲ್ ತುಳಿದೆ, ಬಿಟ್ಟೆ, ಮತ್ತೆ ತುಳಿದೆ. ಗೇರಿನ ಕಿರುಚಾಟಕ್ಕೆ ಓಣಿಯೆಲ್ಲ ಹೊರಬಂತು.

"ಗೇರ್ ಬಾಕ್ಸೇ ಹೋಯ್ತು ಬಿಡಿ" ಎಂದರು ಎದುರುಮನೆಯವರು. "ಅಲ್ರೀ, ಕ್ಲಚ್ ಪ್ಲೇಟ್ ಸವ್ದಿದೆ" ಎಂದರು ಬಸ್ಸಿನ ಏಜೆಂಟರು. ಹುಡುಗಿಯ ತಂದೆ ಇನ್ನೊಂದು ಸುತ್ತು ಕಾಫಿ ತರಿಸಿ, "ಹೋಗಿ ತಿಳಿಸ್ತೀವಿ ಅಂದ್ರಿ ವಕೀಲ್ರೆ, ಹೋಗೋದು ಯಾವಾಗ ಅಂತ ಮೊದ್ಲು ತಿಳಿಸಿ" ಎಂದು ನಕ್ಕರು. ನಾಲ್ಕು ಜನ ಸೇರಿ ಮೇಲಕ್ಕೆ ತಳ್ಳುತ್ತೇವೆಂದರೂ ನಾನು ಬಿಡಲಿಲ್ಲ. ರೋಗ ತಿಳಿಯದೆ ರೋಗಿಯನ್ನು ಅಲುಗಾಡಿಸಬಾರದೆಂದು ಭಾಷಣವನ್ನೇ ಶುರುಮಾಡಿದೆ. ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಟಾಪ್ ಗೇರಿಗೆ ನೂಕಿ ಕ್ಲಚ್ ಬಿಟ್ಟೆ. ಎಂಜಿನ್ ಕೆಮ್ಮಿ ನಿಂತಿತು. "ನೋಡಿದ್ರಾ? ಪ್ಲೇಟ್ ಸವೆದಿದ್ರೆ ಎಂಜಿನ್ ಓಡ್ತಾನೇ ಇರ್ಬೇಕಿತ್ತು" ಎಂದೆ. ಏಜೆಂಟರು ತಲೆದೂಗಿದರು. ನಾನು ಇನ್ನಷ್ಟು ಉಬ್ಬಿದೆ.

ಕೊನೆಗೆ ಕಾರಿನಡಿ ತೂರಿ ನೋಡುತ್ತೇನೆಂದು ಕೋಟು ಬಿಚ್ಚಿದೆ. ಅಂಗಿ ಕೊಳೆಯಾಗದಿರಲೆಂದು ಶಂಕರ ಕಾರಿನೊಳಗಿನ ಜಮಖಾನೆ ಎಳೆದು ನೆಲಕ್ಕೆ ಹಾಸಿಕೊಟ್ಟ. ಸ್ಪ್ಯಾನರಿನಿಂದ ಅಲ್ಲಿ ಇಲ್ಲಿ ಕುಟ್ಟಿ, ಮುಖಕ್ಕೆ ಬೇಕಾದಷ್ಟು ಮಸಿ ಬಳಿದುಕೊಂಡು ಎದ್ದು ಬಂದು ಪೆಡಲ್ ತುಳಿದರೆ ರಿವರ್ಸ್ ಸದ್ದಿಲ್ಲದೆ ಬಿತ್ತು. "ಏನ್ ಕೈ ಸ್ವಾಮಿ ನಿಮ್ದು!" ಎಂದಿತು ಓಣಿ. ಶಂಕರನೂ, "ಭಾವ ಇದ್ದಿದ್ದಕ್ಕೆ ಆಯ್ತು" ಎನ್ನುತ್ತ ಜಮಖಾನೆಯನ್ನು ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಇಟ್ಟ.

ಊರು ದಾಟಿದ ಮೇಲೆ ಅವನು ಬಾಯಿಬಿಟ್ಟ. "ಭಾವ, ಪೆಡಲ್ ಕೆಳಗೆ ಜಮಖಾನೆ ಅಡ್ಡ ಇತ್ತು. ಪೂರ್ತಿ ಕೆಳಗೆ ಹೋಗ್ತಾನೇ ಇರ್ಲಿಲ್ಲ."

"ಅಲ್ಲೇ ಯಾಕೋ ಹೇಳ್ಲಿಲ್ಲ?"

"ನೀವು ಮಾತಾಡ್ತಾ ಇದ್ರಿ."

ಹಿಂದಿನಿಂದ ನನ್ನ ಹೆಂಡತಿ, "ಇಬ್ಬರನ್ನ ಬೇಡ ಅಂದೋಳು ಇನ್ನು ನಮ್ಮನ್ನ ಒಪ್ಪಿದ ಹಾಗೇ" ಎಂದು ಕಣ್ಣೊರೆಸಿಕೊಂಡಳು. ಶಂಕರ ಹೊರಗೆ ನೋಡುತ್ತ ಕುಳಿತ. ನನಗೆ ನಿಜಕ್ಕೂ ಸಂಕಟವಾಯಿತು. ಆ ಹುಡುಗನ ಬಾಳನ್ನು ನನ್ನ ಒಣಜಂಭ ಕೆಡಿಸಿತಲ್ಲ ಎಂದು ಮನೆ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ.

ಆದರೆ ನಾವು ತಿಳಿಸುವ ಮೊದಲೇ ಅವರ ಕಡೆಯಿಂದ ಒಪ್ಪಿಗೆ ಬಂತು! ನನ್ನ ಸಂಕಟ ಹಾರಿಹೋಯಿತು, ನಾಲಿಗೆ ವಾಪಸ್ಸು ಬಂತು. ನನ್ನ ರಿಪೇರಿ ನೋಡಿಯೇ ಹುಡುಗಿ ಮೆಚ್ಚಿದಳೆಂದು ಕೋರ್ಟಿನಲ್ಲೆಲ್ಲ ಹೇಳಿಕೊಂಡು ಬಂದೆ. ಮದುವೆಯಾಗಿ ಅವರಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಾಗ ಸುಮಿತ್ರಳ ಬಾಯಿಂದಲೇ ಅದನ್ನು ಹೇಳಿಸಬೇಕೆನಿಸಿತು.

"ನಿಜ ಹೇಳಮ್ಮ, ಅವತ್ತು ಏನು ನೋಡಿ ಒಪ್ಪಿದೆ?"

ಅವಳು ಸಂಕೋಚಪಡಲೇ ಇಲ್ಲ. "ಕಿಟಕಿಯಿಂದ ನೋಡ್ತಾ ಇದ್ದೆ ಅಣ್ಣಯ್ಯ. ನೀವು ಅಷ್ಟು ಹೊತ್ತು ಮಾತಾಡಿದ್ರಿ, ಇವ್ರು ಒಂದ್ಸಲನೂ ಮುಖ ಸಿಂಡರಿಸ್ಲಿಲ್ಲ. ನಾನು ಸ್ವಲ್ಪ ಸಿಡುಕಿ. ನಿಮ್ಮನ್ನ ಸಹಿಸ್ಕೊಂಡೋರಿಗೆ ನನ್ನನ್ನ ಸಹಿಸೋದೇನು ಕಷ್ಟ ಅನ್ನಿಸ್ತು."

ನನ್ನ ಹೆಂಡತಿ ನಕ್ಕು ನಕ್ಕು ಸೌಟನ್ನು ಕೆಳಗಿಟ್ಟಳು. ಶಂಕರ ಆಗಲೂ ನಗಲಿಲ್ಲ. "ಅಕ್ಕಾ, ಭಾವನಿಗೆ ಇನ್ನಷ್ಟು ಪಾಯಸ ಹಾಕೇ" ಎಂದ. ಎಂಥ ಒಳ್ಳೆಯ ಹುಡುಗ ಎಂದುಕೊಂಡು ನಾನು ಎಲೆ ಮುಂದೆ ಸರಿಸಿದೆ. ಬಾಯಿ ತುಂಬಿದ್ದಷ್ಟು ಹೊತ್ತು ನಾನು ಮಾತಾಡುವುದಿಲ್ಲವೆಂಬುದು ಅವನಿಗೆ ತಿಳಿದಿದೆಯೆಂದು ಹೊಳೆದದ್ದು, ಎರಡು ಸಲ ಬಡಿಸಿಕೊಂಡ ಮೇಲೆ.